ಟೀವಿಯಲ್ಲಿ ಅರ್ಧ ಬಂದ ಮಾತು

ಚಿಗವ್ವನ ಎಡಗಣ್ಣಿನ ಮೇಲೆ ಹುಬ್ಬು ಅರ್ಧವೇ ಇತ್ತು. ಹಿಂದೊಮ್ಮೆ ಸ್ಟೋ ಭಗ್ಗೆಂದು ಹೊತ್ತಿಕೊಂಡಾಗ ಸುಟ್ಟುಹೋದ ಇನ್ನರ್ಧ ಮತ್ತೆ ಬೆಳೆಯಲೇ ಇಲ್ಲ. ಹಾಗಾಗಿ ಅವರು ಸುಮ್ಮನೆ ನೋಡಿದರೂ ಎದುರಿಗಿದ್ದವರ ಮಾತನ್ನು ನಂಬದೆ ನೋಡಿದಂತೆ ಕಾಣುತ್ತಿತ್ತು. ಕಾಯಿಪಲ್ಯೆ ಮಾರುವವನು ಆ ಮುಖ ನೋಡಿಯೇ ದರ ಇಳಿಸುತ್ತಿದ್ದ. ಆದರೆ ಆಗಿನ ದಿನಗಳಲ್ಲಿ ಅವರಷ್ಟು ಸುಲಭವಾಗಿ ಎಲ್ಲವನ್ನೂ ನಂಬುವವರು ನಮ್ಮ ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಹಾನಗಲ್ಲಿನಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ರಕ್ತಸಂಬಂಧದ ಚಿಕ್ಕಮ್ಮನೇನಲ್ಲ. ಜೋಳದ ರೊಟ್ಟಿ ಬಡಿದು ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗಳಿಗೆ ಕೊಡುತ್ತಿದ್ದರಿಂದ ಓಣಿಯ ಹುಡುಗ ಹುಡುಗಿಯರೆಲ್ಲ ಅವರನ್ನು ರೊಟ್ಟಿ ಚಿಗವ್ವ ಎನ್ನುತ್ತಿದ್ದೆವು. ಗಂಡ ಬೇಗ ತೀರಿಹೋಗಿದ್ದರು. ಒಬ್ಬಳೇ ಮಗಳು, ನನ್ನ ಓರಗೆಯವಳು, ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಚಿಗವ್ವ ನಸುಕಿನಿಂದ ಸಂಜೆಯವರೆಗೆ ಒಲೆಯ ಮುಂದೆ ಇರುತ್ತಿದ್ದರು. ದೀಪ ಹಚ್ಚಿದ ಮೇಲೆ ಟೀವಿಯ ಮುಂದೆ.

ಆ ಧಾರಾವಾಹಿ ಶುರುವಾದಾಗ ನಾವು ಹೈಸ್ಕೂಲಿನಲ್ಲಿದ್ದೆವು. ಇನ್ನೂ ನಡೆಯುತ್ತಿದೆ. ನಾಯಕಿಯ ಪಾತ್ರಕ್ಕೆ ಎಷ್ಟು ಜನ ಬಂದು ಹೋದರೋ, ಮುಖ ಬದಲಾದರೂ ಅಳು ಬದಲಾಗಲಿಲ್ಲ. ದೊಡ್ಡ ಮನೆಗೆ ಸೊಸೆಯಾಗಿ ಬಂದವಳನ್ನು ಅತ್ತೆ ಕಾಡುತ್ತಾಳೆ, ಗಂಡ ಹೊಡೆದು ಹೊರಗೆ ಹಾಕುತ್ತಾನೆ, ಇವಳು ಎಲ್ಲವನ್ನೂ ನುಂಗಿಕೊಂಡು ತಿರುಗಿ ಬಂದು ಅದೇ ಅತ್ತೆಯ ಕಾಲು ಒತ್ತುತ್ತಾಳೆ. ಎಲ್ಲರ ಮನಸ್ಸು ಕರಗುತ್ತದೆ. ಕರಗಿದ ಮನಸ್ಸು ಮುಂದಿನ ಹಬ್ಬದ ಹೊತ್ತಿಗೆ ಮತ್ತೆ ಗಟ್ಟಿಯಾಗುತ್ತದೆ, ಕತೆ ಮುಂದುವರಿಯುತ್ತದೆ.

ಓಣಿಯ ಹೆಂಗಸರು ಚಿಗವ್ವನ ಮನೆಯಲ್ಲೇ ಕೂಡಿ ನೋಡುತ್ತಿದ್ದರು. ಜಾಹೀರಾತು ಬಂತೆಂದರೆ ಅಭಿಪ್ರಾಯಗಳು ಹೊರಡುತ್ತಿದ್ದವು. ಮೂಲೆಮನೆಯ ಮಾಸ್ತರರ ಹೆಂಡತಿಗೆ ಮೊದಲನೆಯ ನಾಯಕಿಯೇ ಸರಿ. "ಆಕಿ ಅತ್ರ ನಮ್ಮ ಕಣ್ಣಾಗೂ ನೀರು ಬರ್ತಿತ್ತು. ಈಕಿ ಅತ್ರ ಮುಖದ ಪೌಡರ್ ಸೈತ ಅಳಸೂದಿಲ್ಲ" ಎನ್ನುತ್ತಿದ್ದರು. ಸವಣೂರಿನಿಂದ ಬಳೆ ತರುತ್ತಿದ್ದ ಚಾಚಿ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ಬುಟ್ಟಿ ಪಕ್ಕಕ್ಕಿಟ್ಟು ಕೂತುಬಿಡುತ್ತಿದ್ದರು. ಅವರ ಮೆಚ್ಚುಗೆಯೆಲ್ಲ ಅತ್ತೆಯ ಪಾತ್ರದವಳಿಗೆ. "ಆಕಿ ಬೈದ್ರ ನಮ್ಮ ಅತ್ತಿನ ಗೋರಿಯಿಂದ ಎದ್ದು ಬಂದಂಗ ಆಗ್ತೈತ್ರಿ." ನಮ್ಮವ್ವನ ತಕರಾರು ಬೇರೆ. "ರೇಷ್ಮಿ ಸೀರಿ ಉಟಗೊಂಡ ಮಲಗ್ತಾರ. ಇವರ ಮನ್ಯಾಗ ಭಾಂಡೆ ತಿಕ್ಕವ್ರು ಯಾರು?"

ಚಿಗವ್ವ ಮಾತ್ರ ಎಂದೂ ತಪ್ಪು ಹುಡುಕಿದವರಲ್ಲ. ಕೈಯಲ್ಲಿ ಮರುದಿನದ ಜೋಳದ ಮೊರ ಹಿಡಿದು, ಹರಳು ಆರಿಸುವುದನ್ನು ಮರೆತು ನೋಡುತ್ತಿದ್ದರು. ಮುಗಿದ ಮೇಲೆ ಅವರದು ಒಂದೇ ಮಾತು: "ತಾಳಿದಾಕಿ ಬಾಳ್ತಾಳ ನೋಡ್ರಿ."

ಮಗಳನ್ನು ಹಿರೇಕೆರೂರು ಕಡೆ, ಮಾಸೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟರು. ನೀರಾವರಿ ಹೊಲ, ಸ್ವಂತ ಮನೆ, ಅಂಗಳದಲ್ಲೇ ನೀರಿನ ನಳ. ಮೊದಲ ಯುಗಾದಿಗೆ ಬಂದವಳು ಬೆನ್ನು ಗೋಡೆಗೆ ತಾಗಿಸದೆ ಕೂತಳು. ಜಳಕಕ್ಕೆ ನೀರು ಹಾಕಲು ಹೋದ ಚಿಗವ್ವ ಬೆಲ್ಟಿನ ಬರೆ ನೋಡಿದರು. ನಾಲ್ಕು ಜನ ಹಿರಿಯರು ಬಂದು ಕೂತು, ಚಹಾ ಕುಡಿದು, ಇನ್ನು ಮುಂದೆ ಹಾಗಾಗುವುದಿಲ್ಲ ಎಂದು ಹೇಳಿ ಎದ್ದರು. ಅವಳು ಹೋಗುವುದಿಲ್ಲವೆಂದು ಅತ್ತಳು. ಚಿಗವ್ವ ಅವಳ ತಲೆ ಬಾಚುತ್ತ, ನನ್ನ ಎದುರಿಗೇ, "ಟೀವಿ ಒಳಗ ಆಕಿ ನೋಡು, ಎಷ್ಟು ತಡಕೊಂಡ್ಲು. ನೀನೂ ಒಂದೀಟ ತಡಕೋ. ಒಂದು ಕೂಸು ಆದ್ರ ಎಲ್ಲಾ ಸರಿ ಆಗ್ತೈತಿ" ಎಂದರು. ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಕಿಟಕಿಯಿಂದ ಅವಳು ಕೈ ಬೀಸಲಿಲ್ಲ.

ಮಳೆಗಾಲಕ್ಕೆ ಮುಂಚೆಯೇ ಆ ಊರಿನ ಕೆರೆಯಲ್ಲಿ ಅವಳ ಹೆಣ ಸಿಕ್ಕಿತು. ಅರಿಬಿ ಒಗೆಯಲು ಹೋಗಿ ಕಾಲು ಜಾರಿದಳು ಎಂದರು. ಅಂಗಳದಲ್ಲಿ ನಳ ಇದ್ದವಳು ಕೆರೆಗೆ ಯಾಕೆ ಹೋದಳೆಂದು ಚಿಗವ್ವ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪೊಲೀಸು, ಕೇಸು ಎಲ್ಲ ಆಗಿ ಸಾಕ್ಷಿಯಿಲ್ಲವೆಂದು ಮುಗಿಯಿತು. ಅಳಿಯ ಎರಡನೇ ಮದುವೆಯಾದ.

ಆಶ್ಚರ್ಯವೆಂದರೆ ಚಿಗವ್ವ ಧಾರಾವಾಹಿ ನೋಡುವುದನ್ನು ಬಿಡಲಿಲ್ಲ. ಹೆಂಗಸರು ಮೊದಮೊದಲು ಸಂಕೋಚದಿಂದ, ಆಮೇಲೆ ಮೊದಲಿನಂತೆಯೇ ಬಂದು ಕೂತರು. ಚಿಗವ್ವ ಈಗ ಒಳಗೆ ಕೂರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ದಾಯಾದಿಯ ಮನೆಯ ಕಡೆ ಕಣ್ಣಿಟ್ಟವರಂತೆ ನೋಡುತ್ತಿದ್ದರು. ಆ ನಡುವೆ ಕತೆಯಲ್ಲಿ ನಾಯಕಿಯನ್ನು ಯಾರೋ ನದಿಗೆ ತಳ್ಳಿದರು. ಎಲ್ಲರೂ ಸತ್ತಳೆಂದುಕೊಂಡಿರುವಾಗ, ಒಂದು ದಿನ ಹಣೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಹೆಂಗಸರೆಲ್ಲ ಸಂತೋಷದಿಂದ ಚಪ್ಪಾಳೆ ಹೊಡೆದರು. ಹೊಡೆದ ಮೇಲೆ ಯಾರ ಮನೆಯಲ್ಲಿ ಕೂತಿದ್ದೇವೆಂಬುದು ನೆನಪಾಗಿ ಕೈಗಳು ತಾವಾಗಿ ಮಡಿಲಿಗೆ ಇಳಿದವು.

"ಟೀವಿಯವರ ನೀರು ಆಳ ಇರೂದಿಲ್ಲ ಅನಸ್ತೈತಿ" ಎಂದು ಹೇಳಿ ಚಿಗವ್ವ ಒಲೆಯ ಕಡೆ ಹೋದರು.

ಅಷ್ಟರಲ್ಲಿ ನಾನೂ ಗಂಡನ ಮನೆಯಿಂದ ತಿರುಗಿ ಬಂದಿದ್ದೆ. ನನ್ನನ್ನು ಶಿಗ್ಗಾಂವಿಗೆ ಕೊಟ್ಟಿದ್ದರು. ಏನೇನಾಯಿತೆಂದು ಬಿಡಿಸಿ ಹೇಳುವುದಿಲ್ಲ. ಬಂದಾಗ ನನ್ನ ಎಡಗಿವಿ ಕೇಳಿಸುತ್ತಿರಲಿಲ್ಲ, ಈಗಲೂ ಅರ್ಧವೇ ಕೇಳಿಸುತ್ತದೆ. ಅವ್ವನಿಗೆ ಕರುಳಿನ ಸಂಕಟ ಇದ್ದರೂ ಅಪ್ಪನಿಗೆ ಜನದ ಚಿಂತೆ. ಓಣಿಯ ಹೆಂಗಸರು ನನ್ನನ್ನು ಕಂಡಾಗೆಲ್ಲ ಧಾರಾವಾಹಿಯ ಮಾತು ತೆಗೆಯುತ್ತಿದ್ದರು. ಅದರ ನಾಯಕಿ ಗಂಡನ ಮನೆಗೆ ಮರಳಿದ್ದಳಲ್ಲ.

ಆ ವರ್ಷವೇ ಟೀವಿಯವರು ಬಂದರು. ಧಾರಾವಾಹಿ ಇಷ್ಟು ಕಾಲ ನಡೆದದ್ದಕ್ಕೆ ದೊಡ್ಡ ಸಂಭ್ರಮವಂತೆ. ಊರೂರಿಗೆ ಹೋಗಿ ವೀಕ್ಷಕರ ಅಭಿಪ್ರಾಯ ಹಿಡಿದು ತೋರಿಸುತ್ತಾರಂತೆ. ಹಾನಗಲ್ಲಿನಲ್ಲಿ ಒಂದು ಮನೆಯಲ್ಲಿ ಓಣಿಯೇ ಕೂಡಿ ನೋಡುತ್ತದೆಂದು ಯಾರೋ ತಿಳಿಸಿದ್ದರು. ವ್ಯಾನು ಬಂದು ನಿಂತಿತು, ಹೆಂಗಸರು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಬೆಂಗಳೂರಿನ ಒಬ್ಬ ಹುಡುಗಿ ಮೈಕು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸಿದಳು. ಮಾಸ್ತರರ ಹೆಂಡತಿ ಸಂಸ್ಕೃತಿ, ಸಂಸ್ಕಾರ ಎಂದೆಲ್ಲ ಪುಸ್ತಕದ ಭಾಷೆಯಲ್ಲಿ ಹೇಳಿದರು. ಕೊನೆಗೆ ಮನೆಯ ಒಡತಿಯ ಸರದಿ.

ಚಿಗವ್ವ ಕೈ ಒರೆಸಿಕೊಂಡು ಬಂದು ನಿಂತರು. ನಾನು ಬಾಗಿಲ ಬಳಿ ಇದ್ದೆ. ಅವರು ಹೇಳಿದ್ದು ಇಷ್ಟು:

"ನಾ ಇದನ್ನ ಮೊದಲಿಂದ ನೋಡೇನಿ, ಒಂದಿನಾನೂ ತಪ್ಪಿಸಿಲ್ಲ. ಸೊಸಿ ಅಂದ್ರ ಹಿಂಗಿರಬೇಕು ಅನಕೊಂಡಿದ್ದೆ. ನನ್ನ ಮಗಳಿಗೂ ಈಕಿನ್ನ ನೋಡಿ ಕಲಿ, ತಡಕೋ, ಎಲ್ಲಾ ಸರಿ ಆಗ್ತೈತಿ ಅಂತ ಹೇಳಿ ಗಂಡನ ಮನಿಗೆ ಕಳಿಸಿದೆ. ಸರಿ ಆಗಲಿಲ್ಲ. ಹೆಣಾ ಆಗಿ ಬಂದ್ಲು. ನೀವು ತಿರುಗಿ ಹೋಗಿ ಬಾಳಿದಾಕಿನ್ನಷ್ಟ ತೋರಸ್ತೀರಿ. ತಿರುಗಿ ಹೋಗಿ ಸತ್ತಾಕಿನ್ನ ಯಾವಾಗ ತೋರಸ್ತೀರಿ? ಇದು ನನ್ನ ಅಭಿಪ್ರಾಯ ನೋಡ್ರಿ."

ಮೈಕಿನ ಹುಡುಗಿಯ ಕಣ್ಣು ತುಂಬಿದ್ದನ್ನು ನಾನು ನೋಡಿದೆ. "ತುಂಬಾ ಚೆನ್ನಾಗಿ ಮಾತಾಡಿದ್ರಿ ಅಮ್ಮಾ" ಎಂದು ಅವರ ಕೈ ಹಿಡಿದುಕೊಂಡಳು, ನನ್ನ ಮೊಬೈಲಿಗೆ ತನ್ನ ನಂಬರು ಹಾಕಿಕೊಟ್ಟಳು. ಚಿಗವ್ವ ಅವಳಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದರು. ಮಗಳು ಸತ್ತ ಮೇಲೆ ಅವರು ಹಗುರಾಗಿ ಓಡಾಡಿದ್ದನ್ನು ಅದೊಂದು ವಾರ ಕಂಡೆ. "ನಾಕ ಮಂದಿ ತಾಯಂದಿರು ಕೇಳಿದ್ರ ಸಾಕವ್ವಾ" ಎನ್ನುತ್ತಿದ್ದರು.

ಆ ಕಾರ್ಯಕ್ರಮ ಬಂದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಗವ್ವನ ಮುಖ ಪರದೆಯ ಮೇಲೆ ಬಂದಾಗ ಹುಡುಗರು ಕೂಗಿದರು. "ನಾ ಇದನ್ನ ಮೊದಲಿಂದ ನೋಡೇನಿ, ಒಂದಿನಾನೂ ತಪ್ಪಿಸಿಲ್ಲ. ಸೊಸಿ ಅಂದ್ರ ಹಿಂಗಿರಬೇಕು... ನನ್ನ ಮಗಳಿಗೂ ಈಕಿನ್ನ ನೋಡಿ ಕಲಿ, ತಡಕೋ, ಎಲ್ಲಾ ಸರಿ ಆಗ್ತೈತಿ ಅಂತ ಹೇಳಿ ಗಂಡನ ಮನಿಗೆ ಕಳಿಸಿದೆ." ಅಲ್ಲಿಗೆ ಕೊಳಲಿನ ಸಂಗೀತ ಬಂತು. ನಾಯಕಿ ಕೈ ಮುಗಿದು ನಕ್ಕಳು. ಮುಂದೆ ಹಾವೇರಿಯ ಯಾವುದೋ ಮನೆ.

ಚಿಗವ್ವ ಇನ್ನೂ ಕಾಯುತ್ತಿದ್ದರು. ಉಳಿದ ಮಾತು ಆಮೇಲೆ ಬರುತ್ತದೆಂದುಕೊಂಡು ಕಾರ್ಯಕ್ರಮ ಮುಗಿಯುವವರೆಗೂ ಬಾಗಿಲಲ್ಲಿ ನಿಂತೇ ಇದ್ದರು. ಮರುದಿನ ನನ್ನಿಂದ ಆ ಹುಡುಗಿಗೆ ಫೋನು ಮಾಡಿಸಿದರು. "ಎಡಿಟಿಂಗ್ ನಮ್ಮ ಕೈಲಿರಲ್ಲ ಅಕ್ಕಾ. ಸಂಭ್ರಮದ ಪ್ರೋಗ್ರಾಂ ಅಲ್ವಾ, ಪಾಸಿಟಿವ್ ಆಗಿರೋದನ್ನಷ್ಟೇ ಇಟ್ಕೋತಾರೆ" ಎಂದಳು. ನಾನು ಅದನ್ನು ಹೇಗೋ ತಿಳಿಸಿ ಹೇಳಿದೆ. ಚಿಗವ್ವ ಕೇಳಿಸಿಕೊಂಡು ರೊಟ್ಟಿ ಬಡಿಯಲು ಕೂತರು. ಮಗಳ ಗಂಡನ ಮನೆಯವರು ಆ ತುಣುಕನ್ನು ಮೊಬೈಲಿನಲ್ಲಿ ಊರಿಗೆಲ್ಲ ಕಳಿಸಿ, ತಾಯಿಗೇ ನಮ್ಮ ಮೇಲೆ ದೂರಿಲ್ಲ ನೋಡಿ ಎಂದರಂತೆ. ಅದು ಗೊತ್ತಾದ ದಿನ ಅವರು ಟೀವಿಯ ಮೇಲೆ ಹಳೆಯ ಚಾದರ ಹೊದಿಸಿದರು. ಹೆಂಗಸರು ಮಾಸ್ತರರ ಮನೆಗೆ ಹೋಗಿ ನೋಡತೊಡಗಿದರು.

ಇದಾದ ಸ್ವಲ್ಪ ದಿನಕ್ಕೆ ಶಿಗ್ಗಾಂವಿಯಿಂದ ಹಿರಿಯರು ನನ್ನನ್ನು ಕರೆದೊಯ್ಯಲು ಬಂದರು. ಗಂಡ ಬಂದಿರಲಿಲ್ಲ, ಅವನ ಸೋದರಮಾವನೇ ಮುಖ್ಯಸ್ಥ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಬುದ್ಧಿ ಹೇಳಲು ಬಂದಿದ್ದ ಮಾಸ್ತರರ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ಎದುರಮನಿಯಾಕಿ ಟೀವಿ ಒಳಗ ಅಂದದ್ದು ಕೇಳಿಲ್ಲೇನು? ತಡಕೋಬೇಕವ್ವಾ" ಎಂದರು. ಅಪ್ಪ, "ಚೀಲಾ ತುಂಬಿಕೋ" ಎಂದ. ನಾನು ಚೀಲ ಕೈಗೆತ್ತಿಕೊಂಡೆ.

ಬಾಗಿಲು ತೆರೆದಿತ್ತು, ರಸ್ತೆ ಅಗಲವಿಲ್ಲ. ಚಿಗವ್ವ ಹಿಟ್ಟಿನ ಕೈಯಲ್ಲೇ ದಾಟಿ ಬಂದು ಹೊಸ್ತಿಲ ಮೇಲೆ ನಿಂತರು.

"ನನ್ನ ಮಾತು ಅರ್ಧಾ ಕೇಳೀರಿ. ಉಳಿದದ್ದೂ ಕೇಳ್ರಿ" ಎಂದು ಶುರುಮಾಡಿದರು. ಹೆಣಕ್ಕೆ ನೀರು ಹಾಕಿದಾಗ ಮಗಳ ಬೆನ್ನು ಹೇಗಿತ್ತು, ಕೈಯ ಬಳೆ ಎಲ್ಲಿ ಚುಚ್ಚಿಕೊಂಡಿತ್ತು, ಹೊಟ್ಟೆ ಎಷ್ಟು ತಿಂಗಳದೆಂದು ಡಾಕ್ಟರು ಬರೆದಿದ್ದರು, ಎಲ್ಲ ಹೇಳಿದರು. ದನಿ ಏರಲಿಲ್ಲ. ಬಸಿರಿದ್ದಳೆಂಬುದು ನನಗೂ ಆಗಲೇ ಗೊತ್ತಾದದ್ದು.

ಸೋದರಮಾವ ಗಂಟಲು ಸರಿಮಾಡಿಕೊಂಡ. "ಇದು ನಿಮ್ಮ ಮನಿ ವ್ಯವಹಾರ ಅಲ್ಲ. ನೀವು ನಡೀರಿ."

"ನನ್ನ ಮನಿ ವ್ಯವಹಾರದಾಗೂ ನಿಮ್ಮಂಥವ್ರು ನಾಕ ಮಂದಿ ಕುಂತಿದ್ರು. ಚಾ ಕುಡದು ಹೋದ್ರು. ಹೆಣಾ ಎತ್ತಾಕ ಒಬ್ರೂ ಬರಲಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿದರು. "ಕಳಸೂದಿದ್ರ ಕಳಸ್ರಿ ಅಣ್ಣಾರ. ಆದ್ರ ಟೀವಿ ನೋಡಿ ಕಳಸಬ್ಯಾಡ್ರಿ, ನನ್ನ ನೋಡಿ ಕಳಸ್ರಿ."

ಅವ್ವ ಎದ್ದು ನನ್ನ ಕೈಯಿಂದ ಚೀಲ ಕಸಿದುಕೊಂಡು ಒಳಗಿಟ್ಟು ಬಂದಳು. ಅಪ್ಪ ಅದನ್ನು ತಿರುಗಿ ತರಲಿಲ್ಲ.

ನಾನು ಉಳಿದೆ. ಈಗ ಹಾವೇರಿಯ ಒಂದು ಆಸ್ಪತ್ರೆಯಲ್ಲಿ ದಾದಿಯ ಕೆಲಸ ಮಾಡುತ್ತೇನೆ. ಇದರ ದಂಡ ಚಿಗವ್ವ ತೆತ್ತರು. ಮಾಸ್ತರರ ಹೆಂಡತಿ ಅವರಿಗೆ ಮನೆಮುರುಕಿ ಎಂದು ಹೆಸರಿಟ್ಟರು, ಹೆಸರು ಅಂಟಿಕೊಂಡಿತು. ತನ್ನ ಮಗಳು ಬಾಳಲಿಲ್ಲವೆಂದು ಕಂಡವರ ಮಗಳನ್ನೂ ಬಾಳಗೊಡಲಿಲ್ಲ ಎಂದರು. ಮದುವೆ ಮನೆಗಳವರು ಅವರಿಗೆ ರೊಟ್ಟಿ ಹೇಳುವುದನ್ನು ಬಿಟ್ಟರು. ಅಂಥವಳ ಕೈಯ ರೊಟ್ಟಿ ಶುಭಕಾರ್ಯಕ್ಕೆ ಬೇಡವಂತೆ. ನಾನು ಒಮ್ಮೆ ಅತ್ತುಕೊಂಡು ಹೇಳಿದಾಗ, "ಅನ್ನಲಿ ಬಿಡು. ಅವರೂ ನೋಡೂ ಮಂದಿನ. ನೋಡಿದಾವ್ರು ಏನರ ಒಂದು ಅನ್ನಬೇಕಲ್ಲ" ಎಂದಿದ್ದರು.

ಹೊಗೆಯಲ್ಲಿ ಕೂತು ಕೂತು ಎದೆ ಕೆಟ್ಟಿತ್ತು. ಹೋದ ಚಳಿಗಾಲ ಒಂದು ಮಧ್ಯಾಹ್ನ ತೀರಿಕೊಂಡರು. ಸತ್ತವರ ಮನೆಯೆಂದು ಹೆಂಗಸರು ಬಂದು ಕೂತರು, ಒಳ್ಳೆಯವಳಿದ್ದಳು, ಬಾಯಿ ಸ್ವಲ್ಪ ಜೋರು ಎಂದರು. ದೀಪ ಹಚ್ಚುವ ಹೊತ್ತಾಗುತ್ತಿದ್ದಂತೆ ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ಎದ್ದರು. ಮಾಸ್ತರರ ಮನೆಯಿಂದ ಧಾರಾವಾಹಿಯ ಹಾಡು ನಮಗೆ ಚೆನ್ನಾಗಿ ಕೇಳಿಸಿತು. ಸವಣೂರಿನ ಚಾಚಿ ಮಾತ್ರ ಎದ್ದುಹೋಗದೆ ಅವ್ವನ ಪಕ್ಕ ಕೂತಿದ್ದರು.

ಮರುದಿನ ಬೆಳಿಗ್ಗೆ ಮಣ್ಣು ಮಾಡಲು ಒಯ್ದೆವು. ಕುಣಿಯಲ್ಲಿ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಹಾಕುವವರು ಯಾರೆಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ನೆರೆದವರಲ್ಲಿ ಒಬ್ಬರು, "ಮಗಳರ ಇರಬೇಕಿತ್ತು" ಎಂದರು.

ಇರಬೇಕಿತ್ತು. ನಾನು ಹೋಗಿ ಮಣ್ಣು ಹಾಕಿದೆ.