ಪೇಟಿ ಮುಚ್ಚಿಸಿದ ಸೋಮವಾರ

೧೯೮೪ರ ಜೂನ್, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹಿರೇಕೆರೂರಿನ ಒಂದು ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕರ ಆಯ್ಕೆ. ಹಾಜರಿದ್ದವರು: ಹೆಡ್‌ಮಾಸ್ತರರು, ಶಾಲೆಯ ಅಧ್ಯಕ್ಷರಾಗಿದ್ದ ಹತ್ತಿ ವ್ಯಾಪಾರಿ, ಧಾರವಾಡದಿಂದ ಪರೀಕ್ಷಕನಾಗಿ ಹೋಗಿದ್ದ ನಾನು, ಇಬ್ಬರು ಅಭ್ಯರ್ಥಿಗಳು. ಬಾಗಿಲ ಬಳಿ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಒಬ್ಬ ಹಿರಿಯರು ಕುಳಿತಿದ್ದರು. ಅಭ್ಯರ್ಥಿಗಳಲ್ಲಿ ಒಬ್ಬ ಅವರ ಮಗ. ಅವನಿಗೆ ಸಾಥ್ ಕೊಡಲು ಬಂದಿದ್ದರು. ಅವರು ನನ್ನನ್ನು ಗುರುತಿಸಲಿಲ್ಲ. ನಾನು ಅವರನ್ನು ಒಂದು ದಿನವೂ ಮರೆತಿರಲಿಲ್ಲ.

ಎಂಟು ವರ್ಷದ ಹಿಂದೆ ಶಿಗ್ಗಾಂವಿಯಲ್ಲಿ ಇಂಥದೇ ಆಯ್ಕೆ ನಡೆದಿತ್ತು. ಆಗಷ್ಟೇ ಸಂಗೀತದಲ್ಲಿ ಪದವಿ ಮುಗಿಸಿದ್ದೆ. ಹಾನಗಲ್ಲಿನ ಮನೆಯಲ್ಲಿ ಅಪ್ಪ, "ಹಾಡೂದು ಕಲಿಯಾಕ ಯುನಿವರ್ಸಿಟಿ ಯಾಕಪಾ? ಊರಾಗ ಭಜನಿ ಇಲ್ಲೇನು?" ಎನ್ನುತ್ತಲೇ ಓದಿಸಿದ್ದ. ಆ ಕೆಲಸ ಸಿಕ್ಕರೆ ಅವನ ಬಾಯಿ ಮುಚ್ಚುತ್ತಿತ್ತು.

ಅಂದು ಪೇಟಿ ನುಡಿಸಲು ಶಾಲೆಯವರು ಕರೆಸಿದ್ದು ಬಾಗಿಲ ಬಳಿಯ ಈ ಹಿರಿಯರನ್ನೇ. ಪೇಟಿಯ ಮೊದಲ ಕಪ್ಪು ಮನೆಯೇ ನನ್ನ ಷಡ್ಜ ಎಂದು ಮೊದಲೇ ಹೇಳಿದ್ದೆ. "ಆತು ತಮ್ಮಾ" ಎಂದು ತಲೆ ಅಲ್ಲಾಡಿಸಿ, ಅದಕ್ಕಿಂತ ಎತ್ತರದ ಮೂರನೆಯ ಬಿಳಿ ಮನೆ ಒತ್ತಿದರು. ಹಿರಿಯ ಪೇಟಿಯವರು ಸ್ವರ ಕೊಟ್ಟ ಮೇಲೆ "ಇಳಿಸ್ರಿ" ಎನ್ನುವುದು ನಮ್ಮ ಕಡೆ ಉದ್ಧಟತನ. ಸುಮ್ಮನೆ ಹಾಡಿದೆ. ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು.

"ಯಾಕ ತಮ್ಮಾ, ಯುನಿವರ್ಸಿಟಿಯೊಳಗ ಮ್ಯಾಲಿನ ಸಾ ಕಲಿಸಿಲ್ಲೇನು?" ಎಂದರು. ಕೋಣೆಯೆಲ್ಲ ನಕ್ಕಿತು. ಕೆಲಸ ಅವರ ಶಿಷ್ಯನಿಗೆ ಹೋಯಿತು.

ನನ್ನ ಜೊತೆ ಓದಿದವರಲ್ಲಿ ಒಬ್ಬ ಆಕಾಶವಾಣಿ ಸೇರಿದ, ಒಬ್ಬ ನಾಟಕ ಕಂಪನಿ ಹಿಡಿದ, ಮತ್ತೊಬ್ಬ ಸವಣೂರಿನಲ್ಲಿ ಖಾರದ ಅಂಗಡಿಯಲ್ಲಿ ಕುಳಿತ. ನಾನು ಅಕ್ಕಿಆಲೂರಿನಲ್ಲಿ ಮನೆಪಾಠ ಹೇಳಿದೆ. ಬೆಳಗಿನ ಐದಕ್ಕೆ ಎದ್ದು, ಅದೇ ಮೂರನೆಯ ಬಿಳಿ ಮನೆ ಹಿಡಿದು ಸಾಧನೆ ಮಾಡಿದೆ. ಸಿಟ್ಟು ಆರದಂತೆ ನೋಡಿಕೊಳ್ಳುವುದೂ ಸಾಧನೆಯ ಒಂದು ಭಾಗವಾಗಿತ್ತು. ಆಮೇಲೆ ಎಂ.ಎ., ಆಮೇಲೆ ಧಾರವಾಡದಲ್ಲಿ ಅಧ್ಯಾಪಕ.

ಹಿರೇಕೆರೂರಿನ ಅಭ್ಯರ್ಥಿಗಳಲ್ಲಿ ಒಬ್ಬ ಯಾರ ಮಗ ಎಂದು ತಿಳಿದ ದಿನವೇ ಒಂದು ನಿಯಮ ಹಾಕಿಸಿದೆ: ಅಭ್ಯರ್ಥಿ ತಂಬೂರಿಯನ್ನು ತಾನೇ ಶ್ರುತಿ ಮಾಡಿಕೊಂಡು ಹಾಡಬೇಕು, ಪೇಟಿ ಇರುವುದಿಲ್ಲ. ಆ ಮನೆಯ ಶಿಷ್ಯರೆಲ್ಲ ಪೇಟಿಯ ಬೆನ್ನು ಹತ್ತಿ ಹಾಡುವವರೆಂದು ನನಗೆ ಗೊತ್ತಿತ್ತು. ಆದರೂ ನಿಯಮದಲ್ಲಿ ಅನ್ಯಾಯವಿರಲಿಲ್ಲ. ಸೂಚನೆಯನ್ನು ಇಬ್ಬರಿಗೂ ಮೊದಲೇ ಕಳಿಸಿದ್ದೆವು. ತಂದೆ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಗ ಕುಳಿತ. ತಂದೆ ಪೇಟಿಯ ಮುಚ್ಚಳ ತೆಗೆದರು.

"ಪೇಟಿ ಮುಚ್ಚರಿ," ಎಂದೆ.

"ಬರೇ ಸ್ವರ ಕೊಡ್ತೇನ್ರಿ ಸರ."

"ಬ್ಯಾಡ್ರಿ. ತಂಬೂರಿ ಐತಲ್ಲ."

ಮಗ ತಂಬೂರಿಯ ಬಿರಡೆ ತಿರುವಿದ. ಒಂದು ತಂತಿ ಏರಿತು, ಇನ್ನೊಂದು ಇಳಿಯಿತು. ಹಣೆಯ ಬೆವರು ಒರೆಸಿಕೊಂಡು, "ಅಪ್ಪಾ, ನೀವಽ ಶ್ರುತಿ ಹಚ್ಚಿ ಕೊಡ್ರಿ" ಎಂದ. ತಂದೆ ಏಳಲು ಹೋದರು.

"ಕುಂಡ್ರರಿ," ಎಂದೆ. ಎಂಟು ವರ್ಷ ಮಸೆದಿಟ್ಟ ಮಾತು ನಾಲಿಗೆಯ ಮೇಲಿತ್ತು. "ಯಾಕ್ರಿ ಹಿರ್‍ಯಾರ, ಮನಿಯೊಳಗ ತಂಬೂರಿ ಹಚ್ಚೂದು ಕಲಿಸಿಲ್ಲೇನು?"

ಆಗ ಅವರು ನನ್ನ ಮುಖ ಸರಿಯಾಗಿ ನೋಡಿದರು. "ಶಿಗ್ಗಾಂವಿ ಹುಡುಗ," ಎಂದರು ಮೆಲ್ಲಗೆ. "ಸೇಡು ತೀರಿಸ್ಕೊಳ್ಳಾಕತ್ತೀರೇನ್ರಿ?"

"ಹೌದ್ರಿ. ನಿಯಮದ ಪ್ರಕಾರ."

ಅಧ್ಯಕ್ಷರು ಗಡಿಯಾರ ನೋಡಿದರು. ಮಗ ಶ್ರುತಿಯಿಲ್ಲದ ತಂಬೂರಿಯ ಮೇಲೆ ಹಾಡಲಾರದೆ ಎದ್ದ. ಅವನದೇನೂ ತಪ್ಪಿರಲಿಲ್ಲ. ಆದರೆ ಅವನ ಕೆಲಸ ಕಳೆದದ್ದು ನಾನಲ್ಲ, ಅವನಪ್ಪನ ಪೇಟಿ.

ಎರಡನೆಯವಳು ಸವಣೂರಿನ ಬಳೆ ವ್ಯಾಪಾರಿಯ ಮಗಳು. ಬಿರಡೆ ತಿರುವಿ ಶ್ರುತಿ ಹಿಡಿದು, ಝೇಂಕಾರ ಏಳುವಂತೆ ತಂತಿಯ ಕೆಳಗಿನ ದಾರದ ಎಳೆ ಸರಿಸಿ, ಕಿವಿಗೊಟ್ಟು ಕೇಳಿ, ಕೋಣೆ ತುಂಬುವಂತೆ ಮಿಡಿದಳು. ಚೆನ್ನಾಗಿ ಹಾಡಿದಳು. ಮೂವರೂ ಅವಳನ್ನೇ ಆರಿಸಿದೆವು.

ಕಿಟಕಿಯಿಂದ ನೋಡಿದೆ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಮಗ ಮುಂದೆ ಹೋಗುತ್ತಿದ್ದ, ತಂದೆ ಪೇಟಿ ಹೊತ್ತು ಹಿಂದೆ. ಮಗ ತಿರುಗಿ ನೋಡಲಿಲ್ಲ. ನಾನು ಅವರು ಮರೆಯಾಗುವತನಕ ನೋಡಿದೆ. ಹೊಟ್ಟೆ ತಣ್ಣಗಾಯಿತು.

ಆಮೇಲೆ ಆಯ್ಕೆಯ ಕಾಗದಕ್ಕೆ ಸಹಿ ಮಾಡಿದೆ. ತಂಬೂರಿಯ ತಂತಿಗಳನ್ನು ಸಡಿಲಿಸಿ, ಗವಸು ತೊಡಿಸಿ, ಅದರ ಬಾಯಿ ಬಿಗಿದು ಕಟ್ಟಿದೆ.