ಬಟಾಣಿಯ ಮೂರನೇ ಸುತ್ತು

ಭದ್ರಾವತಿಯ ನಮ್ಮ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಜೀವವಿಕಾಸ ಕಲಿಸಲು ಆರು ಪೀರಿಯಡ್ ಬರೆದುಕೊಂಡಿದ್ದೆ. ನಾಲ್ಕನ್ನು ಹೆಡ್‌ಮಾಸ್ಟರ್ ಗಣಿತಕ್ಕೆ ಕೊಟ್ಟರು. ಉಳಿದ ಎರಡರಲ್ಲಿ ಕೊನೆಯದಕ್ಕೆ ಹುಲ್ಲಿನ ಮೇಲೆ ಹಸಿರು, ಬಿಳಿ ಒಣಬಟಾಣಿ ತಲಾ ನೂರು ಚೆಲ್ಲಿ, ಮಕ್ಕಳನ್ನೇ ಹಕ್ಕಿಗಳನ್ನಾಗಿ ಮಾಡಿ ಹೆಕ್ಕಲು ಬಿಟ್ಟೆ. ಎರಡು ಸುತ್ತಿನಲ್ಲಿ ಬಿಳಿ ಎಂಬತ್ತೊಂದು ಹೋದವು, ಹಸಿರು ಮೂವತ್ತಾರು. ಉಳಿದವೇ ಮುಂದೆ ಬೆಳೆಯುತ್ತವೆ ಎಂದು ಮೂರನೇ ಸುತ್ತಿನಲ್ಲಿ ತೋರಿಸಬೇಕಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರ್ ಬಂದರು.

"ಏನ್ ಮೇಡಂ, ಹತ್ತನೇ ಕ್ಲಾಸಿಗೆ ಅಂಗನವಾಡಿ ಆಟಾನಾ? ಎರಡು ಮಾರ್ಕಿನ ಪಾಠ. ಉತ್ತರ ಬರೆಸಿ, ಮುಗೀತು ಅಂತ ಡೈರೀಲಿ ಹಾಕ್ಬಿಡಿ."

ಉಳಿದ ಕಾಳನ್ನು ಹುಲ್ಲಿನಲ್ಲೇ ಬಿಟ್ಟು, ಮಕ್ಕಳನ್ನು ಒಳಗೆ ಕರೆದೊಯ್ದು ಉತ್ತರ ಬರೆಸಿದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆಯೇ ಸಿಟ್ಟಿದೆ. ಪಾಠದ ಡೈರಿಯಲ್ಲಿ ಮಾತ್ರ ಆ ಸಾಲನ್ನು ಖಾಲಿ ಬಿಟ್ಟೆ.

ಹತ್ತು ದಿನದ ಮಳೆಗೆ ಹುಲ್ಲಿನಲ್ಲಿ ಬಟಾಣಿ ಮೊಳೆಯಿತು. ಅಧಿಕಾರಿಗಳು ಬರುತ್ತಾರೆಂದು ಹೆಡ್‌ಮಾಸ್ಟರ್ ಅದನ್ನು ಅದೇ ಮಕ್ಕಳಿಂದ ಕೀಳಿಸಿದರು. ಬುಡದಲ್ಲಿ ಅಂಟಿದ್ದ ಕಾಳು ನೋಡಿ ಹುಡುಗಿಯೊಬ್ಬಳು ಪಕ್ಕದವನಿಗೆ ಕೂಗಿದಳು: "ಲೋ ಮಾರಾಯ, ಬಿಸಾಕ್ಬೇಡ, ಇದೂ ಹಸಿರೇ! ಎಣಿಸು!"

ಹಸಿರು ನಲವತ್ತೊಂದು, ಬಿಳಿ ಒಂಬತ್ತು.

ಖಾಲಿ ಸಾಲಿನಲ್ಲಿ ಬರೆದೆ: "ಮೂರನೇ ಸುತ್ತು ನಡೆದಿದೆ, ನಡೆಸಿದವರು ಹೆಡ್‌ಮಾಸ್ಟರ್. ಪಾಠ ಮುಗಿದಿಲ್ಲ. ನಾಲ್ಕು ಪೀರಿಯಡ್ ಬಾಕಿ."

ಅವರು ಸಹಿ ಹಾಕಲಿಲ್ಲ. ನಾನು ಅಳಿಸಲಿಲ್ಲ.