ಕೊನೆಯ ಪುಟಗಳ ಉತ್ತರಕ್ಕ

ಬೆಳಗಿನ ಆರು ಗಂಟೆ. ಮುದ್ರಣಾಲಯದ ಯಂತ್ರಗಳು ಇನ್ನೂ ಸದ್ದು ಮಾಡಿಲ್ಲ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಬೀಜಗಣಿತ ಪುಸ್ತಕದ ಕರಡಿನ ಮೇಲೆ ಬಾಗಿ ಕೂತಿದ್ದಾರೆ. ಉತ್ತರಗಳ ಪುಟವನ್ನು ಬೋರಲು ಹಾಕಿ ದೂರವಿಟ್ಟಿದ್ದಾರೆ. ಮೊದಲು ಲೆಕ್ಕವನ್ನು ತಾವೇ ಬಿಡಿಸಬೇಕು, ಅದನ್ನು ನೋಡುವುದು ಆಮೇಲೆ.

ಪಠ್ಯಪುಸ್ತಕದ ಕೊನೆಯಲ್ಲಿ ಅಚ್ಚಾಗುವ ಉತ್ತರಗಳು ಸರಿಯೇ ಎಂದು ನೋಡುವುದು ಇವರ ಕೆಲಸ. ಮೂವತ್ತೊಂದು ವರ್ಷವಾಯಿತು, ಯಾವ ಪುಸ್ತಕದ ಯಾವ ಮೂಲೆಯಲ್ಲೂ ಇವರ ಹೆಸರಿಲ್ಲ. ಪ್ರೆಸ್ಸಿನವರಿಗೆ ಇವರು ‘ಉತ್ತರಕ್ಕ’. ದಿನಕ್ಕೆ ಎಂಬತ್ತು ಲೆಕ್ಕ ಮುಗಿಸುವವರು ವರ್ಗ ಸಮೀಕರಣಗಳಿಗೆ ಬಂದರೆ ಐವತ್ತಕ್ಕೆ ಇಳಿಯುತ್ತಾರೆ. ಸಂಕೀರ್ಣ ಮೂಲಗಳಿದ್ದರೆ ಇನ್ನೂ ನಿಧಾನ. ವರ್ಗಮೂಲದೊಳಗೆ ಋಣ ಸಂಖ್ಯೆ ಬಂದಾಗ ಉತ್ತರಕ್ಕೆ i ಎಂಬ ಪುಟ್ಟ ಅಕ್ಷರ ಸೇರುತ್ತದೆ. ಋಣ ಒಂದರ ವರ್ಗಮೂಲಕ್ಕೆ ಗಣಿತ ಕೊಟ್ಟಿರುವ ಗುರುತು ಅದು.

“ಇರುವೆಯಷ್ಟು ಇರತ್ತೆ. ಬಿದ್ದುಹೋದ್ರೆ ಗೊತ್ತೇ ಆಗಲ್ಲ,” ಎನ್ನುತ್ತಾರೆ.

ಹದಿನಾಲ್ಕು ವರ್ಷಗಳ ಹಿಂದೆ ಒಂದು ಬಿದ್ದುಹೋಯಿತು. x² − 4x + 13 = 0 ಎಂಬ ಲೆಕ್ಕ. ಉತ್ತರ 2 ± 3i. ಮೊದಲ ಕರಡಿನಲ್ಲಿ ಸರಿಯಾಗಿಯೇ ಇತ್ತು. ಪುಟ ಕಟ್ಟುವವರು ಜಾಗ ಸಾಲದೆ ಸಾಲನ್ನು ಒತ್ತರಿಸಿದಾಗ ತುದಿಯ i ಮಾಯವಾಯಿತು. ಕೊನೆಯ ಕರಡಿನಲ್ಲಿ ಉತ್ತರಕ್ಕ ತಾವು ತಿದ್ದಿದ್ದ ಸಾಲುಗಳನ್ನಷ್ಟೇ ನೋಡಿ ಸಹಿ ಹಾಕಿದರು.

ಅದೇ ಪುಸ್ತಕ ಹದಿನಾರರ ಮಗಳ ಕೈಗೂ ಬಂತು. ಲೆಕ್ಕವೆಂದರೆ ಊಟ ಬಿಟ್ಟು ಕೂರುತ್ತಿದ್ದ ಹುಡುಗಿ. ತನ್ನ ಉತ್ತರ ಪುಸ್ತಕದ್ದಕ್ಕೆ ತಾಳೆಯಾಗದೆ, ಕೆಲಸದಿಂದ ಬಂದ ತಾಯಿಯನ್ನು ಕೇಳಿದಳು: “ಅಮ್ಮಾ, ಪುಸ್ತಕದ್ದೇ ತಪ್ಪಿರಬಹುದಾ?”

“ನಾನು ನೋಡಿರೋ ಪುಸ್ತಕ ಕಣೇ ಅದು. ನಿಂದೇ ತಪ್ಪಿರತ್ತೆ, ಮತ್ತೆ ಮಾಡು.” ಚಪ್ಪಲಿ ಬಿಡುತ್ತಲೇ ಹೇಳಿದ್ದು, ನೋಟ್‌ಬುಕ್ಕಿನ ಕಡೆ ತಿರುಗಲೂ ಇಲ್ಲ.

ಮಗಳು ಎರಡು ದಿನ ಅದನ್ನೇ ಬಿಡಿಸಿದಳು. ಕೊನೆಗೆ ವರ್ಗಮೂಲದೊಳಗೆ ಬಂದಿದ್ದ −36ರ ಋಣ ಚಿಹ್ನೆಯನ್ನು ರಬ್ಬರಿನಿಂದ ಉಜ್ಜಿ ಅಳಿಸಿ, ಪುಸ್ತಕದ ಉತ್ತರ ತಂದಳು. ಅಲ್ಲಿ ಕಾಗದ ತೆಳ್ಳಗಾಗಿದೆ. ‘ನಂಗಿದು ಹತ್ತಲ್ಲ’ ಎಂಬ ಮಾತು ಆ ವಾರ ಶುರುವಾಯಿತು. ವರ್ಷ ಮುಗಿಯುವಷ್ಟರಲ್ಲಿ ಗಣಿತವನ್ನೇ ಬಿಟ್ಟಳು.

ಮರುಮುದ್ರಣದ ಹೊತ್ತಿಗೆ ತಪ್ಪು ಕಣ್ಣಿಗೆ ಬಿದ್ದಾಗ ಉತ್ತರಕ್ಕ ಮನೆಗೆ ಓಡಿಬಂದು ಹೇಳಿದರು. ಮಗಳು ಅಂದದ್ದು ಇಷ್ಟೇ: “ಈಗ ಹೇಳ್ತಿದ್ದೀಯಾ ಅಮ್ಮಾ?”

“ಒಂದಕ್ಷರ ತಾನೇ ಅಕ್ಕಾ, ಆಕಾಶವೇನೂ ಕಳಚಿಬೀಳಲ್ಲ,” ಎಂದರು ಪ್ರೆಸ್ಸಿನ ಮಾಲೀಕರು. ಉತ್ತರಕ್ಕ ಗೋದಾಮಿನಲ್ಲಿ ಉಳಿದಿದ್ದ 1,140 ಪ್ರತಿಗಳಿಗೆ ಒಂಬತ್ತು ದಿನ ಕೂತು ಪೆನ್ನಿನಿಂದ i ಬರೆದರು. ಈಗಲೂ ಭಾನುವಾರ ಆ ಮುದ್ರಣದ ಪ್ರತಿಗಳನ್ನು ಹುಡುಕಿಕೊಂಡು ಹಳೇ ಪುಸ್ತಕದಂಗಡಿಗಳನ್ನು ಸುತ್ತುತ್ತಾರೆ. “ಬಂದ್ರಪ್ಪಾ ಡಾಕ್ಟ್ರಮ್ಮ! ಇವತ್ತು ಎರಡು ರೋಗಿಗಳಿದಾವೆ ನೋಡಿ,” ಎಂದು ಅಂಗಡಿಯವ ರೇಗಿಸುತ್ತಾನೆ. ಇವರೂ ನಗುತ್ತಾರೆ, ಬರೆಯುತ್ತಾರೆ.

ಅಂದಿನಿಂದ ಕೊನೆಯ ಕರಡಿನ ಪ್ರತಿ ಮೂಲವನ್ನೂ ಸಮೀಕರಣದೊಳಗೆ ಹಾಕಿ ನೋಡುವುದು ರೂಢಿ. “ಸೊನ್ನೆ ಬರೋವರೆಗೂ ನಂಬಲ್ಲ. ನನ್ನನ್ನೂ ನಂಬಲ್ಲ.”

ಮಗಳೀಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ತಾಯಿ–ಮಗಳು ಒಂದೇ ಮನೆಯಲ್ಲಿದ್ದಾರೆ. ಆ ಲೆಕ್ಕದ ವಿಷಯವೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ಉತ್ತರಕ್ಕ ಪೆನ್ಸಿಲ್ ಕೆಳಗಿಡುತ್ತಾರೆ.

“ಆ ನೋಟ್‌ಬುಕ್ ಅವಳು ಇನ್ನೂ ಎಸೆದಿಲ್ಲ. ಅವಳು ಮೊದಲು ಬರೆದಿದ್ದ ಉತ್ತರಕ್ಕೆ ಒಂದು ಸರಿ ಗುರುತು ಹಾಕಬೇಕು. ಒಂದ್ಸಲ ಕೇಳಿದೆ. ‘ಬೇಡಮ್ಮ, ಬಿಡು’ ಅಂದ್ಲು. ಅವಳು ಮನೇಲಿ ಇಲ್ದಾಗ ಹಾಕಬಹುದಿತ್ತು, ಹಾಕಲಿಲ್ಲ. ಅವತ್ತು ನೋಡದೇನೇ ತಪ್ಪು ಅಂದೋಳು ನಾನು. ಇವತ್ತು ಅವಳು ಹೂಂ ಅನ್ನದೇನೇ ಸರಿ ಅನ್ನೋಕೆ ನಂಗೇನು ಹಕ್ಕಿದೆ, ಹೇಳಿ?”